ಎರಡೂ ಪಕ್ಷಗಳಿಗೆ ನಿಲ್ಲುವ ವಕೀಲರು: ಇಂಗ್ಲೆಂಡಿನ ಕ್ರಿಮಿನಲ್ ಬ್ಯಾರಿಸ್ಟರುಗಳ ವೃತ್ತಿ

ನಮ್ಮ ಹಿರಿಯರ ಕಾಲದಲ್ಲಿ ‘ಬ್ಯಾರಿಸ್ಟರ್’ ಎಂಬ ಮಾತಿಗೆ ವಿಶೇಷ ತೂಕವಿತ್ತು. ಮನೆಯ ಹುಡುಗನೊಬ್ಬ ಮಾತಿಗೆ ಮಾತು ಪೋಣಿಸಿ ವಾದಕ್ಕಿಳಿದರೆ ‘ಬಂದ ನೋಡು, ದೊಡ್ಡ ಬ್ಯಾರಿಸ್ಟರು!’ ಎಂದು ಅಜ್ಜಿಯರು ನಗೆಯಾಡುತ್ತಿದ್ದರು. ವಿಲಾಯಿತಿಗೆ ಹೋಗಿ ಕಾನೂನು ಓದಿ ಬಂದವರು, ಕಪ್ಪು ನಿಲುವಂಗಿ ತೊಟ್ಟವರು, ಇಂಗ್ಲಿಷಿನಲ್ಲಿ ಓತಪ್ರೋತವಾಗಿ ವಾದಿಸುವವರು ಎಂಬಷ್ಟು ಚಿತ್ರ ಆ ಪದದಿಂದ ಕಣ್ಣ ಮುಂದೆ ಬರುತ್ತಿತ್ತು. ಆದರೆ ಆ ವೃತ್ತಿ ಹುಟ್ಟಿ ಬೆಳೆದ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಬ್ಯಾರಿಸ್ಟರುಗಳು ದಿನನಿತ್ಯ ಮಾಡುವ ಕೆಲಸವೇನು, ಅದಕ್ಕಿರುವ ಕಟ್ಟುಪಾಡುಗಳೇನು ಎಂಬುದು ನಮ್ಮಲ್ಲಿ ಹೆಚ್ಚಾಗಿ ತಿಳಿದಿಲ್ಲ.

ಆ ವೃತ್ತಿಯ ಒಂದು ಪದ್ಧತಿ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಈ ತಿಂಗಳು ಕೊಲೆ ಮೊಕದ್ದಮೆಯೊಂದರಲ್ಲಿ ಸರ್ಕಾರದ ಪರವಾಗಿ ಆರೋಪ ಮಂಡಿಸಿದ ಬ್ಯಾರಿಸ್ಟರು ಮುಂದಿನ ತಿಂಗಳು ಮತ್ತೊಂದು ಕೊಲೆ ಮೊಕದ್ದಮೆಯಲ್ಲಿ ಆರೋಪಿಯ ಪರವಾಗಿ ನಿಲ್ಲಬಹುದು. ಹಾಗಾದರೆ ಅವರ ನಿಷ್ಠೆ ಯಾರ ಕಡೆಗೆ? ಈ ಪ್ರಶ್ನೆಗೆ ಸಿಗುವ ಉತ್ತರದಲ್ಲಿಯೇ ಆ ವೃತ್ತಿಯ ಮರ್ಮ ಅಡಗಿದೆ. ಈ ಲೇಖನದ ಉದ್ದೇಶ ಆ ಉತ್ತರವನ್ನು ಓದುಗರ ಮುಂದಿಡುವುದು.

ಎರಡು ಬಗೆಯ ವಕೀಲರು

ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ವಕೀಲಿ ವೃತ್ತಿ ಎರಡು ಕವಲುಗಳಾಗಿ ಹರಿದಿದೆ. ಮೊದಲನೆಯವರು ಸಾಲಿಸಿಟರುಗಳು. ಕಕ್ಷಿದಾರರು ಮೊದಲು ಭೇಟಿಯಾಗುವುದು ಇವರನ್ನೇ. ಪೊಲೀಸ್ ಠಾಣೆಗೆ ಧಾವಿಸುವುದು, ಕಾಗದಪತ್ರಗಳನ್ನು ಸಂಗ್ರಹಿಸುವುದು, ಸಾಕ್ಷಿಗಳನ್ನು ಗುರುತಿಸುವುದು ಇವರ ಕೆಲಸ. ಎರಡನೆಯವರು ಬ್ಯಾರಿಸ್ಟರುಗಳು. ಸಾಲಿಸಿಟರು ಸಿದ್ಧಪಡಿಸಿ ಕೊಟ್ಟ ಮೊಕದ್ದಮೆಯ ಕಡತವನ್ನು ಅಧ್ಯಯನ ಮಾಡಿ, ಕಾನೂನಿನ ಅಭಿಪ್ರಾಯ ನೀಡಿ, ಮೇಲಿನ ಹಂತದ ನ್ಯಾಯಾಲಯದಲ್ಲಿ ನಿಂತು ವಾದಿಸುವುದು ಇವರ ಹೊಣೆ. ಈ ಕಡತಕ್ಕೆ ‘ಬ್ರೀಫ್’ ಎಂದು ಹೆಸರು. ಹಿಂದೆ ಇದನ್ನು ನಸುಗೆಂಪು ಪಟ್ಟಿಯಿಂದ ಕಟ್ಟಿ ಕಳುಹಿಸುತ್ತಿದ್ದರು. ಸರ್ಕಾರದ ಪರವಾದ ಕಡತಕ್ಕೆ ಬಿಳಿಯ ಪಟ್ಟಿ. ಇಂದು ಬಹುಪಾಲು ಕಾಗದಗಳು ಗಣಕಯಂತ್ರದ ಮೂಲಕವೇ ಬರುತ್ತವೆ.

ಬಹುಪಾಲು ಬ್ಯಾರಿಸ್ಟರುಗಳು ಯಾರ ಸಂಬಳಕ್ಕೂ ಒಳಪಟ್ಟವರಲ್ಲ. ಹತ್ತಾರು ಮಂದಿ ಸೇರಿ ‘ಚೇಂಬರ್ಸ್’ ಎಂಬ ಕಚೇರಿಯನ್ನು ನಡೆಸುತ್ತಾರೆ. ಬಾಡಿಗೆ, ಗುಮಾಸ್ತರ ಸಂಬಳ ಮೊದಲಾದ ವೆಚ್ಚವನ್ನು ಹಂಚಿಕೊಳ್ಳುತ್ತಾರೆಯೇ ಹೊರತು ಆದಾಯವನ್ನಲ್ಲ. ಅಲ್ಲಿನ ಗುಮಾಸ್ತರು ಕೇವಲ ಬರವಣಿಗೆಯವರಲ್ಲ. ಯಾವ ಮೊಕದ್ದಮೆ ಯಾರಿಗೆ, ಶುಲ್ಕವೆಷ್ಟು, ಯಾವ ದಿನ ಯಾವ ಊರಿನ ನ್ಯಾಯಾಲಯ ಎಂಬುದನ್ನೆಲ್ಲ ನಿಭಾಯಿಸುವ ಪ್ರಭಾವಿಗಳು. ಒಂದೇ ಚೇಂಬರ್ಸಿನ ಇಬ್ಬರು ಒಂದೇ ಮೊಕದ್ದಮೆಯಲ್ಲಿ ಎದುರುಬದುರಾಗಿ ನಿಲ್ಲುವುದೂ ಉಂಟು. ಆಗ ಒಬ್ಬರ ಕಡತ ಇನ್ನೊಬ್ಬರ ಕಣ್ಣಿಗೆ ಬೀಳದಂತೆ ಕಟ್ಟುನಿಟ್ಟಾಗಿ ನೋಡಿಕೊಳ್ಳಲಾಗುತ್ತದೆ.

ಭೋಜನಶಾಲೆಯಿಂದ ನ್ಯಾಯಾಲಯದವರೆಗೆ

ಬ್ಯಾರಿಸ್ಟರಾಗಲು ಬಯಸುವವರು ಲಂಡನ್ನಿನ ನಾಲ್ಕು ‘ಇನ್’ಗಳಲ್ಲಿ ಒಂದರ ಸದಸ್ಯರಾಗಬೇಕು. ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಲಿಂಕನ್ಸ್ ಇನ್ ಮತ್ತು ಗ್ರೇಸ್ ಇನ್ ಎಂಬ ಈ ಸಂಸ್ಥೆಗಳು ಮಧ್ಯಯುಗದಿಂದ ನಡೆದುಬಂದವು. ಇವುಗಳ ಹೆಸರು ಭಾರತೀಯರಿಗೆ ಅಪರಿಚಿತವಲ್ಲ. ಮಹಾತ್ಮಾ ಗಾಂಧಿ ಮತ್ತು ಜವಾಹರಲಾಲ್ ನೆಹರೂ ಇನ್ನರ್ ಟೆಂಪಲಿನಿಂದ, ಸರ್ದಾರ್ ಪಟೇಲರು ಮಿಡಲ್ ಟೆಂಪಲಿನಿಂದ, ಡಾ. ಅಂಬೇಡ್ಕರರು ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರ್ ಪದವಿ ಪಡೆದವರು. ನಾಸಿಕದಲ್ಲಿ ಜನಿಸಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕಾರ್ನೀಲಿಯಾ ಸೊರಾಬ್ಜಿ ಅವರು 1890ರ ದಶಕದ ಆರಂಭದಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ್ದರೂ, ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯುವವರೆಗೆ ಕಾದು 1923ರಲ್ಲಿ ಲಿಂಕನ್ಸ್ ಇನ್ನಿನಿಂದ ಬ್ಯಾರಿಸ್ಟರಾದರು.

ಅಂದಿನ ವಿದ್ಯಾರ್ಥಿಗಳು ಪರೀಕ್ಷೆಗಳ ಜೊತೆಗೆ ಇನ್ನಿನ ಭೋಜನಶಾಲೆಯಲ್ಲಿ ನಿಗದಿಯಾದಷ್ಟು ಬಾರಿ ಊಟಕ್ಕೆ ಹಾಜರಾಗಬೇಕಾಗಿತ್ತು. ಹಿರಿಯರ ಸಹವಾಸದಿಂದ ವೃತ್ತಿಯ ನಡವಳಿಕೆ ಮೈಗೂಡಲಿ ಎಂಬುದು ಅದರ ಆಶಯ. ಆದರೆ ಊಟ ಮತ್ತು ಪರೀಕ್ಷೆಗಳಿಂದಲೇ ವಕೀಲಿಕೆ ಬಾರದೆಂಬುದಕ್ಕೆ ಗಾಂಧೀಜಿಯೇ ಸಾಕ್ಷಿ. 1891ರ ಜೂನ್ 10ರಂದು ಬ್ಯಾರಿಸ್ಟರಾಗಿ ಸ್ವದೇಶಕ್ಕೆ ಮರಳಿದ ಅವರು, ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ತಮ್ಮ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದು ನಿಂತಾಗ ಬಾಯಿಂದ ಒಂದು ಪ್ರಶ್ನೆಯೂ ಹೊರಡದೆ ಕುಳಿತುಬಿಟ್ಟರು. ಬೇರೆ ವಕೀಲರನ್ನು ನೇಮಿಸಿಕೊಳ್ಳುವಂತೆ ತಿಳಿಸಿ, ಪಡೆದಿದ್ದ ಶುಲ್ಕವನ್ನು ಹಿಂತಿರುಗಿಸಿದ ಸಂಗತಿಯನ್ನು ಅವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಇಂದಿನ ವ್ಯವಸ್ಥೆಯಲ್ಲಿ ಈ ಕೊರತೆಗೆ ಪರಿಹಾರವಿದೆ. ಪದವಿ ಹಾಗೂ ಬಾರ್ ಶಿಕ್ಷಣದ ನಂತರ ‘ಪ್ಯೂಪಿಲೇಜ್’ ಎಂಬ ಹನ್ನೆರಡು ತಿಂಗಳ ಶಿಷ್ಯವೃತ್ತಿ ಕಡ್ಡಾಯ. ಮೊದಲ ಆರು ತಿಂಗಳು ಹಿರಿಯ ಬ್ಯಾರಿಸ್ಟರೊಬ್ಬರ ಹಿಂದೆ ನೆರಳಿನಂತಿದ್ದು ನೋಡಿ ಕಲಿಯಬೇಕು. ನಂತರದ ಆರು ತಿಂಗಳಲ್ಲಿ ಸಣ್ಣಪುಟ್ಟ ಮೊಕದ್ದಮೆಗಳನ್ನು ಸ್ವತಂತ್ರವಾಗಿ ನಡೆಸಬಹುದು. ಈ ಶಿಷ್ಯಸ್ಥಾನಗಳಿಗೆ ಪೈಪೋಟಿ ಅತಿ ತೀವ್ರ. ಅನೇಕ ವರ್ಷ ದುಡಿದು ಹೆಸರು ಗಳಿಸಿದವರಲ್ಲಿ ಕೆಲವರು ‘ಕಿಂಗ್ಸ್ ಕೌನ್ಸೆಲ್’ ಎಂಬ ಗೌರವಕ್ಕೆ ಪಾತ್ರರಾಗುತ್ತಾರೆ. 2022ರಲ್ಲಿ ರಾಣಿ ಎರಡನೇ ಎಲಿಜಬೆತ್ ನಿಧನರಾಗುವವರೆಗೆ ಇದು ‘ಕ್ವೀನ್ಸ್ ಕೌನ್ಸೆಲ್’ ಆಗಿತ್ತು. ಅವರಿಗೆ ರೇಷ್ಮೆಯ ನಿಲುವಂಗಿ ತೊಡುವ ಹಕ್ಕಿರುವುದರಿಂದ ‘ರೇಷ್ಮೆ ಪಡೆದವರು’ ಎಂದೇ ವಾಡಿಕೆ. ಕೊಲೆಯಂತಹ ಅತಿ ಗಂಭೀರ ಮೊಕದ್ದಮೆಗಳಲ್ಲಿ ಸಾಮಾನ್ಯವಾಗಿ ಇವರು ಮುಂದಾಳತ್ವ ವಹಿಸಿ, ಕಿರಿಯರೊಬ್ಬರು ಸಹಾಯಕರಾಗಿರುತ್ತಾರೆ.

ಮೊಕದ್ದಮೆ ಸಾಗುವ ದಾರಿ

ಎಲ್ಲ ಕ್ರಿಮಿನಲ್ ಮೊಕದ್ದಮೆಗಳೂ ಮೊದಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಮುಂದೆ ಬರುತ್ತವೆ. ಕೊಲೆ, ಅತ್ಯಾಚಾರ, ದರೋಡೆಯಂತಹ ಘೋರ ಅಪರಾಧಗಳು ಅಲ್ಲಿಂದ ಕ್ರೌನ್ ನ್ಯಾಯಾಲಯಕ್ಕೆ ಹೋಗುತ್ತವೆ. ಶತಮಾನಗಳಿಂದ ಇದ್ದ ಸಂಚಾರಿ ನ್ಯಾಯಾಲಯಗಳನ್ನು ರದ್ದುಪಡಿಸಿ 1972ರಲ್ಲಿ ಈ ಕ್ರೌನ್ ನ್ಯಾಯಾಲಯವನ್ನು ಸ್ಥಾಪಿಸಲಾಯಿತು. ಇದರ ಅತ್ಯಂತ ಪ್ರಸಿದ್ಧ ಕೇಂದ್ರವೇ ಲಂಡನ್ನಿನ ಓಲ್ಡ್ ಬೇಲಿ. ಹಳೆಯ ನ್ಯೂಗೇಟ್ ಸೆರೆಮನೆ ಇದ್ದ ಜಾಗದಲ್ಲಿ ಕಟ್ಟಿದ ಈಗಿನ ಕಟ್ಟಡ 1907ರಲ್ಲಿ ಆರಂಭವಾಯಿತು. ಅದರ ಗುಮ್ಮಟದ ಮೇಲಿರುವ ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿಲ್ಲವೆಂಬುದು ಗಮನಾರ್ಹ.

ಇಲ್ಲಿ ನ್ಯಾಯಾಧೀಶರು ಕಾನೂನನ್ನು ವಿವರಿಸುತ್ತಾರೆ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ತೀರ್ಮಾನಿಸುವವರು ಜ್ಯೂರಿಯ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು. ಹಿಂದೆ ಇವರೆಲ್ಲರೂ ಒಮ್ಮತಕ್ಕೆ ಬರಬೇಕಾಗಿತ್ತು. ಸಾಕಷ್ಟು ಕಾಲ ಚರ್ಚಿಸಿಯೂ ಒಮ್ಮತ ಮೂಡದಿದ್ದರೆ ಹತ್ತು ಮಂದಿಯ ಬಹುಮತವನ್ನು ಸ್ವೀಕರಿಸಬಹುದೆಂಬ ನಿಯಮ 1967ರಲ್ಲಿ ಬಂದಿತು. ಆದ್ದರಿಂದ ಬ್ಯಾರಿಸ್ಟರು ಮನವೊಲಿಸಬೇಕಾಗಿರುವುದು ಕಾನೂನು ಪಂಡಿತರನ್ನಲ್ಲ, ಬಸ್ ಚಾಲಕರು, ಶಿಕ್ಷಕಿಯರು, ಅಂಗಡಿಯವರು ಮುಂತಾದ ಜನಸಾಮಾನ್ಯರನ್ನು. ರಕ್ತಪರೀಕ್ಷೆಯ ವರದಿ, ದೂರವಾಣಿಯ ದಾಖಲೆ, ಬ್ಯಾಂಕಿನ ಲೆಕ್ಕಪತ್ರಗಳಂತಹ ಜಟಿಲ ವಿಷಯಗಳನ್ನು ಇವರಿಗೆ ತಿಳಿಯುವಂತೆ ಬಿಡಿಸಿ ಹೇಳುವುದು ಈ ವೃತ್ತಿಯ ಅರ್ಧ ವಿದ್ಯೆ.

ಚಲನಚಿತ್ರಗಳಲ್ಲಿ ಕಾಣುವ ಅಬ್ಬರ ಅಲ್ಲಿಲ್ಲ. ನ್ಯಾಯಾಧೀಶರು ಮೇಜಿನ ಮೇಲೆ ಸುತ್ತಿಗೆ ಬಡಿಯುವ ಪದ್ಧತಿ ಇಂಗ್ಲೆಂಡಿನಲ್ಲಿ ಇಲ್ಲವೇ ಇಲ್ಲ. ವಕೀಲರು ಅತ್ತಿತ್ತ ಅಡ್ಡಾಡುತ್ತ ಸಾಕ್ಷಿಯ ಮುಖದೆದುರು ಬೆರಳಾಡಿಸುವಂತಿಲ್ಲ. ತಮ್ಮ ಆಸನದ ಬಳಿಯೇ ನಿಂತು ಮಾತನಾಡಬೇಕು. ಕುದುರೆಯ ಕೂದಲಿನಿಂದ ನೇಯ್ದ ಟೋಪನ್ನು ಹಾಗೂ ಕಪ್ಪು ನಿಲುವಂಗಿಯನ್ನು ಕ್ರೌನ್ ನ್ಯಾಯಾಲಯದಲ್ಲಿ ಇಂದಿಗೂ ಧರಿಸುತ್ತಾರೆ. ಎದುರು ಪಕ್ಷದವರನ್ನು ‘ನನ್ನ ವಿದ್ವಾಂಸ ಮಿತ್ರರು’ ಎಂದು ಕರೆಯುವುದು ಅಲ್ಲಿನ ಶಿಷ್ಟಾಚಾರ. ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಒಂದೇ ಕೊಠಡಿಯಲ್ಲಿ ಚಹಾ ಕುಡಿಯುವುದನ್ನು ಕಂಡು ಕಕ್ಷಿದಾರರು ಗಾಬರಿಯಾದರೂ, ವಿರೋಧ ವಾದದಲ್ಲಿರುತ್ತದೆಯೇ ಹೊರತು ವ್ಯಕ್ತಿಗಳ ನಡುವೆ ಅಲ್ಲ.

ಆರೋಪ ಮಂಡಿಸುವಾಗ

1986ರವರೆಗೆ ತನಿಖೆ ನಡೆಸುತ್ತಿದ್ದ ಪೊಲೀಸರೇ ಬಹುಪಾಲು ಮೊಕದ್ದಮೆಗಳನ್ನು ಹೂಡುತ್ತಿದ್ದರು. ಆ ವರ್ಷ ಕ್ರೌನ್ ಪ್ರಾಸಿಕ್ಯೂಷನ್ ಸರ್ವೀಸ್ ಎಂಬ ಸ್ವತಂತ್ರ ಇಲಾಖೆ ಕಾರ್ಯಾರಂಭ ಮಾಡಿತು. ಮೊಕದ್ದಮೆ ಹೂಡುವ ಮುನ್ನ ಈ ಇಲಾಖೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತದೆ: ಶಿಕ್ಷೆಯಾಗುವ ನೈಜ ಸಾಧ್ಯತೆಯಿರುವಷ್ಟು ಸಾಕ್ಷ್ಯವಿದೆಯೇ? ಮೊಕದ್ದಮೆ ಹೂಡುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೇ? ಎರಡಕ್ಕೂ ಹೌದೆಂಬ ಉತ್ತರ ದೊರೆತರೆ ಮಾತ್ರ ಮುಂದಿನ ಹೆಜ್ಜೆ. ಇಲಾಖೆಯಲ್ಲಿ ಸಂಬಳಕ್ಕಿರುವ ವಕೀಲರೂ ಇದ್ದಾರೆ. ಆದರೆ ಗಂಭೀರ ಮೊಕದ್ದಮೆಗಳಲ್ಲಿ ಸ್ವತಂತ್ರ ಬ್ಯಾರಿಸ್ಟರುಗಳಿಗೆ ಬ್ರೀಫ್ ಒಪ್ಪಿಸುವುದು ರೂಢಿ.

ಆರೋಪ ಪಕ್ಷದ ಬ್ಯಾರಿಸ್ಟರು ಮೊದಲು ಜ್ಯೂರಿಗೆ ಪ್ರಕರಣದ ಸಾರಾಂಶವನ್ನು ತಿಳಿಸುತ್ತಾರೆ. ಆನಂತರ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಮುಖ್ಯ ವಿಚಾರಣೆ ನಡೆಸುತ್ತಾರೆ. ಇಲ್ಲಿ ಉತ್ತರವನ್ನು ಬಾಯಿಗಿಡುವಂತಹ ಪ್ರಶ್ನೆ ಕೇಳುವಂತಿಲ್ಲ. ‘ಅವನ ಕೈಯಲ್ಲಿ ಚಾಕುವಿತ್ತಲ್ಲವೇ?’ ಎನ್ನುವಂತಿಲ್ಲ, ‘ನೀವು ಏನನ್ನು ಕಂಡಿರಿ?’ ಎಂದೇ ಕೇಳಬೇಕು. ಸಾಕ್ಷಿಗೆ ಮುಂಚಿತವಾಗಿ ಹೇಳಿಕೆಯ ತಾಲೀಮು ಮಾಡಿಸುವುದು ನಿಷಿದ್ಧ.

ಆರೋಪ ಪಕ್ಷದ ಕೆಲಸ ಹೇಗಾದರೂ ಶಿಕ್ಷೆ ಕೊಡಿಸುವುದಲ್ಲ. ಸತ್ಯಾಂಶಗಳನ್ನು ನ್ಯಾಯಯುತವಾಗಿ ಮುಂದಿಡುವುದು. ಸರ್ಕಾರಕ್ಕೆ ಮೊಕದ್ದಮೆಯಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ ಎಂಬುದು ಅಲ್ಲಿನ ಹಳೆಯ ನಂಬಿಕೆ. ಇದರ ಅತಿ ಮುಖ್ಯ ಅಂಗವೆಂದರೆ 1996ರ ಕಾಯಿದೆಯಲ್ಲಿ ಸ್ಪಷ್ಟಪಡಿಸಿದ ಒಂದು ಕರ್ತವ್ಯ: ಪೊಲೀಸರ ಬಳಿ ಇರುವ ಯಾವುದೇ ವಿಷಯ ಆರೋಪವನ್ನು ದುರ್ಬಲಗೊಳಿಸುವಂತಿದ್ದರೆ ಅಥವಾ ಆರೋಪಿಗೆ ನೆರವಾಗುವಂತಿದ್ದರೆ ಅದನ್ನು ಪ್ರತಿವಾದಿಗಳಿಗೆ ಒಪ್ಪಿಸಲೇಬೇಕು.

2017ರ ಡಿಸೆಂಬರಿನಲ್ಲಿ ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಕ್ರೌನ್ ನ್ಯಾಯಾಲಯದಲ್ಲಿ ನಡೆದ ಪ್ರಸಂಗ ಈ ಕರ್ತವ್ಯದ ಬೆಲೆಯನ್ನು ತೋರಿಸಿತು. ಅತ್ಯಾಚಾರದ ಆರೋಪ ಹೊತ್ತ ವಿದ್ಯಾರ್ಥಿಯೊಬ್ಬನ ವಿಚಾರಣೆ ಆಗಷ್ಟೇ ಆರಂಭವಾಗಿತ್ತು. ದೂರು ನೀಡಿದವರ ದೂರವಾಣಿಯಿಂದ ತೆಗೆದ ಸುಮಾರು 40,000 ಸಂದೇಶಗಳು ಪೊಲೀಸರ ಬಳಿ ಇದ್ದವಾದರೂ ಅವನ್ನು ಪ್ರತಿವಾದಿಗಳಿಗೆ ಕೊಟ್ಟಿರಲಿಲ್ಲ. ಕೊನೆಯ ಘಳಿಗೆಯಲ್ಲಿ ಮೊಕದ್ದಮೆ ಕೈಗೆತ್ತಿಕೊಂಡಿದ್ದ ಆರೋಪ ಪಕ್ಷದ ಬ್ಯಾರಿಸ್ಟರು ಅವನ್ನು ಒಪ್ಪಿಸಲೇಬೇಕೆಂದು ಪಟ್ಟು ಹಿಡಿದರು. ಪ್ರತಿವಾದಿ ಬ್ಯಾರಿಸ್ಟರು ರಾತ್ರಿಯಿಡೀ ಕುಳಿತು ಆ ಸಂದೇಶಗಳನ್ನು ಓದಿದರು. ಅವುಗಳಲ್ಲಿದ್ದ ಮಾತುಗಳಿಂದ ಆರೋಪ ನಿಲ್ಲದಂತಾಯಿತು. ಸರ್ಕಾರವೇ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ಸುಮಾರು ಎರಡು ವರ್ಷ ಆರೋಪದ ನೆರಳಿನಲ್ಲಿ ಬದುಕಿದ್ದ ಯುವಕ ಬಿಡುಗಡೆಯಾದ. ಅವನ ಬಿಡುಗಡೆಗೆ ಬಾಗಿಲು ತೆರೆದವರು ಅವನ ವಿರುದ್ಧ ವಾದಿಸಲು ಬಂದಿದ್ದ ವಕೀಲರೇ ಎಂಬುದನ್ನು ಮರೆಯುವಂತಿಲ್ಲ. ಎರಡೂ ಪಕ್ಷಗಳಲ್ಲಿ ನಿಂತು ಅನುಭವವಿದ್ದವರಿಗೆ, ಎದುರು ಪಕ್ಷದವರಿಗೆ ಏನು ಅಗತ್ಯ ಎಂಬುದು ಹೊಳೆಯುತ್ತದೆ.

ಆರೋಪಿಯ ಪರವಾಗಿ ನಿಂತಾಗ

ಇಂದು ಆರೋಪಿಗೆ ವಕೀಲರಿರುವುದು ಸಹಜವೆನಿಸುತ್ತದೆ. ಆದರೆ ಇಂಗ್ಲೆಂಡಿನಲ್ಲಿ 1836ರವರೆಗೆ ಘೋರ ಅಪರಾಧಗಳ ಆರೋಪಿಗಳ ಪರವಾಗಿ ವಕೀಲರು ಜ್ಯೂರಿಯನ್ನು ಉದ್ದೇಶಿಸಿ ಮಾತನಾಡುವಂತಿರಲಿಲ್ಲ. ಆರೋಪಿ ತಾನೇ ಪ್ರಮಾಣ ಮಾಡಿ ಸಾಕ್ಷ್ಯ ನುಡಿಯುವ ಹಕ್ಕು ಎಲ್ಲ ಮೊಕದ್ದಮೆಗಳಿಗೂ ಅನ್ವಯವಾಗುವಂತೆ ದೊರೆತದ್ದು 1898ರಲ್ಲಿ. ನೇಣುಗಂಬದ ಕಾಲದಲ್ಲಿ ಎಷ್ಟೋ ಮಂದಿ ತಮ್ಮ ಮಾತನ್ನು ಹೇಳಿಕೊಳ್ಳಲಾಗದೆ ಪ್ರಾಣ ತೆತ್ತರು.

ಪ್ರತಿವಾದಿ ಬ್ಯಾರಿಸ್ಟರು ಸೆರೆಮನೆಯಲ್ಲೋ ತಮ್ಮ ಕಚೇರಿಯಲ್ಲೋ ಆರೋಪಿಯನ್ನು ಕಂಡು, ಸಾಕ್ಷ್ಯ ಎಷ್ಟು ಬಲವಾಗಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಾರೆ. ತಪ್ಪೊಪ್ಪಿಕೊಳ್ಳುವುದಾದರೆ ಆರಂಭದಲ್ಲೇ ಒಪ್ಪಿಕೊಂಡವರಿಗೆ ಸಾಮಾನ್ಯವಾಗಿ ಶಿಕ್ಷೆಯಲ್ಲಿ ಮೂರನೇ ಒಂದು ಭಾಗದವರೆಗೆ ಕಡಿತವುಂಟು. ಆದರೆ ಒಪ್ಪಿಕೊಳ್ಳುವ ಅಥವಾ ನಿರಾಕರಿಸುವ ನಿರ್ಧಾರ ಆರೋಪಿಯದೇ. ನಿರಾಕರಿಸಿದರೆ ಆರೋಪ ಪಕ್ಷದ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವ ಹೊಣೆ ಬ್ಯಾರಿಸ್ಟರರದು. ಒಳ್ಳೆಯ ಪಾಟೀಸವಾಲು ಎಂದರೆ ಗದರಿಸುವುದಲ್ಲ. ಸಂಜೆಗತ್ತಲಲ್ಲಿ ಎಷ್ಟು ದೂರದಿಂದ ಕಂಡಿರಿ, ದಾರಿಯ ದೀಪ ಉರಿಯುತ್ತಿತ್ತೇ, ಮೊದಲ ಹೇಳಿಕೆಯಲ್ಲಿ ಇದನ್ನೇಕೆ ತಿಳಿಸಲಿಲ್ಲ ಎಂಬಂತಹ ಚಿಕ್ಕ ಚಿಕ್ಕ ಪ್ರಶ್ನೆಗಳಿಂದ ಹೇಳಿಕೆಯನ್ನು ಒರೆಗೆ ಹಚ್ಚುವುದು. ಲೈಂಗಿಕ ಅಪರಾಧಗಳಲ್ಲಿ ನೊಂದವರನ್ನು ಆರೋಪಿಯೇ ನೇರವಾಗಿ ಪ್ರಶ್ನಿಸುವುದನ್ನು 1999ರ ಕಾಯಿದೆ ನಿಷೇಧಿಸಿದೆ. ಚಿಕ್ಕ ಮಕ್ಕಳ ಪಾಟೀಸವಾಲನ್ನು ವಿಚಾರಣೆಗೆ ಮೊದಲೇ ನಡೆಸಿ ಚಿತ್ರೀಕರಿಸಿಕೊಳ್ಳುವ ಅನುಕೂಲವೂ ಇದೆ.

‘ತಪ್ಪು ಮಾಡಿದವನೆಂದು ಗೊತ್ತಿದ್ದೂ ಅವನ ಪರವಾಗಿ ಹೇಗೆ ವಾದಿಸುತ್ತೀರಿ?’ ಎಂಬುದು ಈ ವೃತ್ತಿಯವರು ಎಲ್ಲೆಡೆ ಎದುರಿಸುವ ಪ್ರಶ್ನೆ. ಇದಕ್ಕೆ ನಿಯಮಗಳಲ್ಲಿ ನಿಖರವಾದ ಉತ್ತರವಿದೆ. ಆರೋಪಿ ತನ್ನ ಬ್ಯಾರಿಸ್ಟರರ ಮುಂದೆ ಅಪರಾಧವನ್ನು ಒಪ್ಪಿಕೊಂಡೂ ನ್ಯಾಯಾಲಯದಲ್ಲಿ ನಿರಾಕರಿಸಲು ಬಯಸಿದರೆ, ಬ್ಯಾರಿಸ್ಟರು ಆರೋಪ ಸಾಬೀತಾಗಿದೆಯೇ ಎಂದು ಪರೀಕ್ಷಿಸಬಹುದು, ಅಷ್ಟೇ. ಅವನು ಆ ಸ್ಥಳದಲ್ಲಿರಲಿಲ್ಲವೆಂದಾಗಲಿ, ಬೇರೊಬ್ಬರು ಮಾಡಿದರೆಂದಾಗಲಿ ಸೂಚಿಸುವಂತಿಲ್ಲ. ಅವನನ್ನು ಸಾಕ್ಷಿಕಟ್ಟೆಗೆ ಹತ್ತಿಸಿ ಸುಳ್ಳು ಹೇಳಿಸುವಂತಿಲ್ಲ. ತಮ್ಮ ವಾದಕ್ಕೆ ವಿರುದ್ಧವಾದ ಹಳೆಯ ತೀರ್ಪಿದ್ದರೂ ಅದನ್ನು ನ್ಯಾಯಾಲಯದ ಗಮನಕ್ಕೆ ತರಬೇಕು. ಕಕ್ಷಿದಾರರ ಮೇಲಿನ ನಿಷ್ಠೆಗಿಂತ ನ್ಯಾಯಾಲಯದ ಮೇಲಿನ ನಿಷ್ಠೆ ಮೇಲು. ಆರೋಪಿ ಒಪ್ಪಿಕೊಂಡಿರದಿದ್ದರೆ ಅವನು ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವುದು ಬ್ಯಾರಿಸ್ಟರರ ಕೆಲಸವೇ ಅಲ್ಲ. ಅದು ಜ್ಯೂರಿಯ ಕೆಲಸ.

ಸಾಬೀತುಪಡಿಸುವ ಹೊಣೆ ಆರೋಪ ಹೊರಿಸಿದವರದೇ ಎಂಬ ತತ್ತ್ವಕ್ಕೆ 1935ರ ವೂಲ್ಮಿಂಗ್ಟನ್ ಮೊಕದ್ದಮೆ ಆಧಾರಸ್ತಂಭ. ಹೆಂಡತಿಯನ್ನು ಗುಂಡಿಟ್ಟು ಕೊಂದನೆಂಬ ಆರೋಪ ಹೊತ್ತ ಇಪ್ಪತ್ತೊಂದರ ಹರೆಯದ ಕೃಷಿ ಕಾರ್ಮಿಕನೊಬ್ಬ, ಗುಂಡು ಆಕಸ್ಮಿಕವಾಗಿ ಹಾರಿತೆಂದು ವಾದಿಸಿದ. ಅದು ಆಕಸ್ಮಿಕವೆಂದು ತೋರಿಸುವ ಹೊಣೆ ಅವನದೇ ಎಂದು ನ್ಯಾಯಾಧೀಶರು ಜ್ಯೂರಿಗೆ ತಿಳಿಸಿದ್ದರಿಂದ ಮರಣದಂಡನೆಯಾಯಿತು. ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನು ರದ್ದುಪಡಿಸಿತು. ಆರೋಪಿಯ ಅಪರಾಧವನ್ನು ಸಾಬೀತುಪಡಿಸುವ ಹೊಣೆಯನ್ನು ಲಾರ್ಡ್ ಸ್ಯಾಂಕಿ ಅವರು ಇಂಗ್ಲಿಷ್ ಕ್ರಿಮಿನಲ್ ಕಾನೂನಿನ ಉದ್ದಕ್ಕೂ ಹಾದುಹೋಗುವ ಚಿನ್ನದ ಎಳೆಗೆ ಹೋಲಿಸಿದರು. ಇಂದು ಜ್ಯೂರಿಗೆ ಹೇಳುವ ಮಾತು ಸರಳ: ನಿಮಗೆ ಖಚಿತವಾಗಿದ್ದರೆ ಮಾತ್ರ ತಪ್ಪಿತಸ್ಥನೆನ್ನಿ.

ಸರತಿಯ ನಿಯಮ

ಲಂಡನ್ನಿನ ಬಾಡಿಗೆ ಗಾಡಿಗಳ ನಿಲ್ದಾಣದಲ್ಲಿ ಸಾಲಿನ ಮುಂದಿರುವ ಗಾಡಿಯವನು ಬಂದ ಪ್ರಯಾಣಿಕನನ್ನು ಹತ್ತಿಸಿಕೊಳ್ಳಬೇಕು. ಮುಖ ನೋಡಿ ಆರಿಸುವಂತಿಲ್ಲ. ಬ್ಯಾರಿಸ್ಟರುಗಳ ಪ್ರಸಿದ್ಧ ‘ಕ್ಯಾಬ್ ರ‍್ಯಾಂಕ್’ ನಿಯಮಕ್ಕೆ ಹೆಸರು ಬಂದದ್ದು ಇದರಿಂದಲೇ. ತಮ್ಮ ಪರಿಣತಿಗೆ ಒಳಪಟ್ಟ ಮೊಕದ್ದಮೆ, ಬಿಡುವಿನ ದಿನ ಮತ್ತು ಯುಕ್ತ ಶುಲ್ಕ ಒದಗಿದರೆ ಆರೋಪಿ ಎಷ್ಟೇ ನಿಂದ್ಯನಾಗಿರಲಿ, ಬ್ಯಾರಿಸ್ಟರು ನಿರಾಕರಿಸುವಂತಿಲ್ಲ.

ಇದರ ಹಿಂದೆ ತ್ಯಾಗದ ಚರಿತ್ರೆಯಿದೆ. 1792ರಲ್ಲಿ ಥಾಮಸ್ ಪೇನ್ ಬರೆದ ‘ಮಾನವನ ಹಕ್ಕುಗಳು’ ಎಂಬ ಕೃತಿಗಾಗಿ ರಾಜದ್ರೋಹದ ಮೊಕದ್ದಮೆ ಹೂಡಿದಾಗ ಥಾಮಸ್ ಅರ್‌ಸ್ಕಿನ್ ಅವನ ಪರವಾಗಿ ನಿಂತರು. ಅವರು ಆಗ ಯುವರಾಜನ ಅಟಾರ್ನಿ ಜನರಲ್ ಹುದ್ದೆಯಲ್ಲಿದ್ದರು. ಬೇಡವೆಂಬ ಒತ್ತಡವನ್ನು ಲೆಕ್ಕಿಸದೆ ವಾದಿಸಿದರು, ಮೊಕದ್ದಮೆಯನ್ನೂ ಸೋತರು, ಹುದ್ದೆಯನ್ನೂ ಕಳೆದುಕೊಂಡರು. ಯಾರ ಪರವಾಗಿ ನಿಲ್ಲಬೇಕೆಂಬುದನ್ನು ವಕೀಲರು ತಾವೇ ಆರಿಸತೊಡಗಿದರೆ, ವಿಚಾರಣೆಗೆ ಮುನ್ನವೇ ತೀರ್ಪು ಕೊಟ್ಟಂತಾಗುತ್ತದೆ ಎಂಬುದು ಅವರ ವಾದದ ತಿರುಳು.

ತೀರ್ಪು ತಪ್ಪಿದಾಗ

ಇಷ್ಟೆಲ್ಲ ಎಚ್ಚರಿಕೆಯಿದ್ದೂ ತಪ್ಪುಗಳಾಗುತ್ತವೆ. 1950ರ ಜನವರಿಯಲ್ಲಿ ಟಿಮಥಿ ಎವಾನ್ಸ್ ಎಂಬ ಯುವಕ ತನ್ನ ಎಳೆಯ ಮಗಳನ್ನು ಕೊಂದ ಆರೋಪದ ಮೇಲೆ ಓಲ್ಡ್ ಬೇಲಿಯಲ್ಲಿ ವಿಚಾರಣೆಗೆ ಒಳಗಾದ. ಅದೇ ಮನೆಯ ಕೆಳಮಹಡಿಯಲ್ಲಿ ವಾಸವಾಗಿದ್ದ ಜಾನ್ ಕ್ರಿಸ್ಟಿ ಆರೋಪ ಪಕ್ಷದ ಪ್ರಮುಖ ಸಾಕ್ಷಿ. ಕ್ರಿಸ್ಟಿಯೇ ಕೊಲೆಗಾರನೆಂದು ಎವಾನ್ಸ್ ಹೇಳಿದ. ಅವನ ಬ್ಯಾರಿಸ್ಟರು ಪಾಟೀಸವಾಲಿನಲ್ಲಿ ಅದನ್ನು ಮುಂದಿಟ್ಟರು. ಜ್ಯೂರಿ ನಂಬಲಿಲ್ಲ. ಮಾರ್ಚ್ 9ರಂದು ಎವಾನ್ಸನನ್ನು ಗಲ್ಲಿಗೇರಿಸಲಾಯಿತು. 1953ರಲ್ಲಿ ಅದೇ ಮನೆಯಲ್ಲಿ ಹಲವು ಹೆಂಗಸರ ಶವಗಳು ಸಿಕ್ಕವು. ಎವಾನ್ಸನ ಹೆಂಡತಿಯನ್ನು ಕೊಂದವನು ತಾನೇ ಎಂದು ಕ್ರಿಸ್ಟಿ ಒಪ್ಪಿಕೊಂಡ. 1966ರಲ್ಲಿ ಎವಾನ್ಸನಿಗೆ ಮರಣೋತ್ತರ ಕ್ಷಮಾದಾನ ದೊರೆಯಿತು. ಸತ್ತವನಿಗೆ ಕ್ಷಮೆಯಿಂದ ಆಗುವ ಉಪಕಾರವೇನು? ಬ್ರಿಟನ್ನಿನಲ್ಲಿ ಕೊಲೆಗೆ ಮರಣದಂಡನೆ 1965ರಲ್ಲಿ ನಿಲ್ಲಲು ಈ ಪ್ರಕರಣವೂ ಒಂದು ಕಾರಣ. ಅನಂತರವೂ ನಿರಪರಾಧಿಗಳು ದೀರ್ಘಕಾಲ ಸೆರೆಯಲ್ಲಿದ್ದ ಪ್ರಕರಣಗಳು ಬೆಳಕಿಗೆ ಬಂದುದರಿಂದ, ಇಂತಹ ತೀರ್ಪುಗಳನ್ನು ಪುನರ್ವಿಮರ್ಶೆಗೆ ಕಳುಹಿಸಲು 1997ರಲ್ಲಿ ಪ್ರತ್ಯೇಕ ಆಯೋಗವೇ ಕೆಲಸ ಆರಂಭಿಸಿತು.

ನಮ್ಮ ದೇಶದಲ್ಲಿ

ಮುಂಬಯಿ ಹೈಕೋರ್ಟಿನ ಮೂಲ ವಿಭಾಗದಲ್ಲಿ ಸಾಲಿಸಿಟರು ಸಿದ್ಧಪಡಿಸಿ ಮತ್ತೊಬ್ಬರು ವಾದಿಸುವ ಎರಡು ಹಂತದ ಪದ್ಧತಿ 1970ರ ದಶಕದವರೆಗೂ ಇತ್ತು. 1961ರ ಅಡ್ವೊಕೇಟ್ಸ್ ಕಾಯಿದೆ ದೇಶದ ವಕೀಲರೆಲ್ಲರನ್ನೂ ‘ಅಡ್ವೊಕೇಟ್’ ಎಂಬ ಒಂದೇ ವರ್ಗಕ್ಕೆ ತಂದಿತು. ಸರ್ಕಾರಿ ಅಭಿಯೋಜಕರು ಮತ್ತು ಪ್ರತಿವಾದಿ ವಕೀಲರು ನಮ್ಮಲ್ಲಿ ಸಾಮಾನ್ಯವಾಗಿ ಬೇರೆ ಬೇರೆ. ಜ್ಯೂರಿ ಪದ್ಧತಿಯೂ ಇಲ್ಲಿ ಉಳಿಯಲಿಲ್ಲ. 1959ರ ನಾನಾವತಿ ಮೊಕದ್ದಮೆಯಲ್ಲಿ ಮುಂಬಯಿಯ ಜ್ಯೂರಿ ಎಂಟಕ್ಕೆ ಒಂದರ ಬಹುಮತದಿಂದ ದೋಷಮುಕ್ತನೆಂದು ಹೇಳಿದ್ದೂ, ಅದನ್ನೊಪ್ಪದ ನ್ಯಾಯಾಧೀಶರು ಹೈಕೋರ್ಟಿಗೆ ಒಪ್ಪಿಸಿದ್ದೂ ಹಿರಿಯ ಓದುಗರಿಗೆ ನೆನಪಿದ್ದೀತು.

ಆದರೆ ಸರತಿಯ ನಿಯಮದ ಆಶಯ ನಮ್ಮಲ್ಲೂ ಜೀವಂತವಾಗಿದೆ. ತಾನು ವೃತ್ತಿ ನಡೆಸುವ ನ್ಯಾಯಾಲಯದಲ್ಲಿ ಯುಕ್ತ ಶುಲ್ಕಕ್ಕೆ ಬಂದ ಮೊಕದ್ದಮೆಯನ್ನು ವಕೀಲರು ಒಪ್ಪಿಕೊಳ್ಳಬೇಕು. ವಿಶೇಷ ಸಂದರ್ಭಗಳಲ್ಲಿ ಮಾತ್ರ ನಿರಾಕರಿಸಬಹುದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಇಂತಹ ಆರೋಪಿಯ ಪರವಾಗಿ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟವಾಗಿ ಸಾರಿತು.

ಮುಂಬಯಿಯ ನಿವಾಸಿಗಳಿಗೆ ಈ ಪ್ರಶ್ನೆ ಕೇವಲ ಪುಸ್ತಕದ ವಿಷಯವಲ್ಲ. 2008ರ ನವೆಂಬರ್ 26ರ ದಾಳಿಯ ನಂತರ ಅಜ್ಮಲ್ ಕಸಬನ ಪರವಾಗಿ ನಿಲ್ಲುವವರು ಸಿಗುವುದೇ ಕಷ್ಟವಾಗಿತ್ತು. ಕೊನೆಗೆ ನ್ಯಾಯಾಲಯವೇ ವಕೀಲರನ್ನು ನೇಮಿಸಿತು. ಅದೇ ಮೊಕದ್ದಮೆಯಲ್ಲಿ ಇಬ್ಬರು ಭಾರತೀಯ ಆರೋಪಿಗಳೂ ಇದ್ದರು. ಅವರಲ್ಲಿ ಒಬ್ಬರ ಪರವಾಗಿದ್ದ ಯುವ ವಕೀಲ ಶಾಹಿದ್ ಆಜ್ಮಿ ಅವರನ್ನು 2010ರ ಫೆಬ್ರವರಿ 11ರಂದು ಕುರ್ಲಾದ ಅವರ ಕಚೇರಿಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ಮೂರು ತಿಂಗಳೊಳಗೆ ಬಂದ ತೀರ್ಪಿನಲ್ಲಿ ಕಸಬನಿಗೆ ಮರಣದಂಡನೆಯಾಯಿತು. ಆ ಇಬ್ಬರು ಆರೋಪಿಗಳು ಸಾಕ್ಷ್ಯ ಸಾಲದೆ ಖುಲಾಸೆಯಾದರು. 2012ರಲ್ಲಿ ಸುಪ್ರೀಂ ಕೋರ್ಟು ಇವೆರಡನ್ನೂ ಎತ್ತಿಹಿಡಿಯಿತು. ಒಂದೇ ವಿಚಾರಣೆ ಅಪರಾಧಿಯನ್ನೂ ಅಪರಾಧ ಸಾಬೀತಾಗದವರನ್ನೂ ಬೇರ್ಪಡಿಸಿತೆಂಬುದೇ ಅದರ ಹಿರಿಮೆ. ಆಕ್ರೋಶದ ದಿನಗಳಲ್ಲಿ ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟುವುದು ಸುಲಭವಾಗಿತ್ತು.

ಇಂದಿನ ಸಂಕಷ್ಟ

ಇಂಗ್ಲೆಂಡಿನಲ್ಲಿ ಈ ವೃತ್ತಿ ಇಂದು ಕಷ್ಟದಲ್ಲಿದೆ. ಬಹುಪಾಲು ಆರೋಪಿಗಳ ವಕೀಲರ ಶುಲ್ಕವನ್ನು ಸರ್ಕಾರದ ಕಾನೂನು ನೆರವು ನಿಧಿ ಭರಿಸುತ್ತದೆ. ಆ ಶುಲ್ಕ ವರ್ಷಗಟ್ಟಲೆ ಏರದೆ ಕಿರಿಯರು ಬೇರೆ ಕ್ಷೇತ್ರಗಳಿಗೆ ಹೊರಟುಹೋದರು. 2022ರ ಜೂನಿನಲ್ಲಿ ಕ್ರಿಮಿನಲ್ ಬ್ಯಾರಿಸ್ಟರುಗಳು ನಿಲುವಂಗಿ ಧರಿಸಿಯೇ ನ್ಯಾಯಾಲಯಗಳ ಹೊರಗೆ ಮುಷ್ಕರ ಹೂಡಿದರು; ಶೇಕಡಾ 15ರ ಏರಿಕೆಯ ಒಪ್ಪಂದದೊಂದಿಗೆ ಅಕ್ಟೋಬರಿನಲ್ಲಿ ಅದು ಕೊನೆಗೊಂಡಿತು. ಆದರೂ 2025ರಲ್ಲಿ ಕ್ರೌನ್ ನ್ಯಾಯಾಲಯಗಳಲ್ಲಿ ಬಾಕಿಯಿದ್ದ ಮೊಕದ್ದಮೆಗಳ ಸಂಖ್ಯೆ 75,000ವನ್ನು ಮೀರಿತ್ತು. ವಾದಿಸುವವರು ಸಿಗದೆ ವಿಚಾರಣೆ ಮುಂದೂಡುವುದೂ ಉಂಟು. ಇದರ ನೋವು ಎರಡೂ ಕಡೆಗೆ. ನೊಂದವರು ವರ್ಷಗಟ್ಟಲೆ ಕಾಯುತ್ತಾರೆ, ನಿರಪರಾಧಿಗಳೂ ಕಾಯುತ್ತಾರೆ, ಸಾಕ್ಷಿಗಳ ನೆನಪು ಮಾಸುತ್ತದೆ.

ನಮ್ಮ ಸಮಾಜದ ಕುಟುಂಬಗಳಿಂದಲೂ ಮಕ್ಕಳು ಕಾನೂನು ಓದಲು ವಿದೇಶಕ್ಕೆ ಹೊರಡುವುದುಂಟು. ಅಂತಹವರು ಈ ಶಾಖೆಯಲ್ಲಿ ಹಣಕ್ಕಿಂತ ದುಡಿಮೆ ಹೆಚ್ಚೆಂಬುದನ್ನೂ, ಶಿಷ್ಯಸ್ಥಾನ ದೊರೆಯದೆ ಪದವಿಯಷ್ಟರಿಂದ ವೃತ್ತಿ ಆರಂಭವಾಗದೆಂಬುದನ್ನೂ ಮೊದಲೇ ಅರಿತಿರುವುದು ಒಳಿತು.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಒಂದು ಪಾಠವನ್ನು ಮೊದಲ ದಿನವೇ ಕಲಿಸುತ್ತಾರೆ. ಒಬ್ಬರು ಬರೆದ ವೋಚರನ್ನು ಇನ್ನೊಬ್ಬರು ನೋಡಿ ಪಾಸು ಮಾಡದೆ ಹಣ ಹೊರಹೋಗಕೂಡದು. ಬರೆದವರ ಮೇಲೆ ಅಪನಂಬಿಕೆಯಿಂದ ಮಾಡಿದ ನಿಯಮ ಅದಲ್ಲ. ಲೆಕ್ಕವನ್ನು ಎಲ್ಲರೂ ನಂಬುವಂತಾಗಲಿ ಎಂದು ಮಾಡಿದ್ದು. ಆರೋಪಿಯ ಪರವಾಗಿ ನಿಲ್ಲುವ ವಕೀಲರೂ ನ್ಯಾಯದ ಲೆಕ್ಕಕ್ಕೆ ಅಂತಹ ಎರಡನೆಯ ಸಹಿ. ಆ ಸಹಿಯಿಲ್ಲದ ತೀರ್ಪು ಸರಿಯಾಗಿಯೇ ಇದ್ದರೂ ನಂಬುವುದು ಕಷ್ಟ. ಇಂದು ಈ ಕಡೆಗೆ, ನಾಳೆ ಆ ಕಡೆಗೆ ನಿಲ್ಲುವ ಬ್ಯಾರಿಸ್ಟರು ನಿಷ್ಠೆಯಿಲ್ಲದವರಲ್ಲ. ಅವರ ನಿಷ್ಠೆ ಎರಡೂ ದಿನ ಒಂದೇ ಕಡೆಗಿರುತ್ತದೆ: ವಿಚಾರಣೆ ನೇರವಾಗಿ ನಡೆಯಲಿ ಎಂಬುದರ ಕಡೆಗೆ.